ಹೊಣೆ ಇಳಿಸಿದವರ ಚರಿತ್ರೆ: ಕುಂದಾಪುರ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಸೇವಾಸ್ಥಾನವೂ ನಿವೃತ್ತಿಯೂ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಕ್ರೈಸ್ತ ಸಭೆಗಳ ಚರಿತ್ರೆಯನ್ನು ಬರೆಯುವಾಗ ಚರ್ಚು ಕಟ್ಟಿದ ವರ್ಷ, ಬಂದ ಧರ್ಮಗುರುಗಳ ಹೆಸರು, ಶಾಲೆ ತೆರೆದ ಕಾಲ ಇವನ್ನು ಕ್ರಮವಾಗಿ ದಾಖಲಿಸುವುದು ವಾಡಿಕೆಯಾಗಿದ್ದು, ಸಂಬಳ ಸವಲತ್ತುಗಳಿಲ್ಲದೆ ಸಭೆಯ ಕೆಲಸವನ್ನು ಹೊತ್ತು ನಡೆಸಿ, ಸಕಾಲದಲ್ಲಿ ಆ ಹೊಣೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಹಿಂದೆ ಸರಿದವರ ಕಥೆ ಆ ದಾಖಲೆಗಳ ಅಂಚಿನಲ್ಲೇ ಉಳಿದುಬಿಟ್ಟಿದೆ. ಧರ್ಮಪ್ರಸಾರ ಮತ್ತು ಸೇವಾಕಾರ್ಯಗಳಿಗೆ ಒಟ್ಟಾಗಿ ಬಳಕೆಯಲ್ಲಿರುವ ಮಿಷನ್ ಎಂಬ ಮಾತನ್ನು ವಿಸ್ತಾರವಾದ ಅರ್ಥದಲ್ಲಿ ತೆಗೆದುಕೊಂಡರೆ, ಈ ಕರಾವಳಿಯಲ್ಲಿ ಅದು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಬಾಳಿ ಬಂದದ್ದಕ್ಕೆ ಕಾರಣರಾದವರಲ್ಲಿ ವಿದೇಶಿ ಪಾದ್ರಿಗಳಿಗಿಂತ ಇಂಥ ಸ್ಥಳೀಯರ ಪಾಲು ಕಡಿಮೆಯದಲ್ಲ. ಮುಂದಾಳು ಹೋದ ಮೇಲೂ ಅವನ ಸ್ಥಾನ ಉಳಿಯುವಂಥ ಏರ್ಪಾಡು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಸಭೆ ನಿಂತಿತೆಂಬುದನ್ನೂ, ಅದು ಇಲ್ಲದ ಕಡೆ ಒಬ್ಬ ವ್ಯಕ್ತಿಯ ಸಾವೋ ಗಡೀಪಾರೋ ಇಡೀ ಸಮುದಾಯವನ್ನು ದಶಕಗಳ ಕಾಲ ಅತಂತ್ರಗೊಳಿಸಿತೆಂಬುದನ್ನೂ ಈ ಮೂರು ತಾಲ್ಲೂಕುಗಳ ಅನುಭವವೇ ತೋರಿಸುತ್ತದೆ.

ಪೋರ್ಚುಗೀಸರು 1569ರಲ್ಲಿ ಬಸ್ರೂರನ್ನು ಹಿಡಿದ ಬಳಿಕ ಪಂಚಗಂಗಾವಳಿ ನದೀಮುಖದ ಸುತ್ತ ಅವರ ಕೋಟೆ, ಕೋಠಿ ಮತ್ತು ಆರಾಧನಾ ಸ್ಥಳಗಳು ಹುಟ್ಟಿಕೊಂಡವು. ಕುಂದಾಪುರದ ಹೋಲಿ ರೋಸರಿ ಚರ್ಚು ತನ್ನ ಆರಂಭವನ್ನು 1570ಕ್ಕೆ ಗುರುತಿಸುತ್ತದೆ. ಹೊಳೆಯಾಚೆಯ ಗಂಗೊಳ್ಳಿಯ ಸಭೆಯೂ ಪೋರ್ಚುಗೀಸರ ಕಾಲದ್ದೇ. ಗೋವೆಯಿಂದ ಈ ತೀರಕ್ಕೆ ಬಂದು ನೆಲೆಸಿದ ಕೊಂಕಣಿ ಮಾತನಾಡುವ ಕ್ರೈಸ್ತರು ಊರಾಳಿಕೆಯ ಹಳೆಯ ಕ್ರಮವೊಂದನ್ನೂ ಜೊತೆಗೆ ತಂದರು. ಚರ್ಚಿನ ವ್ಯಾಪ್ತಿಗೆ ಸೇರಿದ ಕುಟುಂಬಗಳ ಒಟ್ಟು ಸಮೂಹವನ್ನು ಕೊಂಕಣಿಯಲ್ಲಿ ಫಿರ್ಗಜ್ ಎನ್ನುತ್ತಾರೆ. ಆ ಫಿರ್ಗಜ್ ಹಲವು ವಾಡೊಗಳಾಗಿ, ಅಂದರೆ ಕೇರಿಗಳಾಗಿ ವಿಭಜನೆಗೊಂಡಿದ್ದು, ಪ್ರತಿ ವಾಡೊಗೆ ಒಬ್ಬ ಗುರ್ಕಾರ ಇರುತ್ತಿದ್ದನು. ಈ ತೀರದ ಮೊಗವೀರರಲ್ಲಿಯೂ ಇತರ ಸಮುದಾಯಗಳಲ್ಲಿಯೂ ಗುರಿಕಾರ ಎಂಬ ಮುಖ್ಯಸ್ಥನು ಇದ್ದುದರಿಂದ, ಗೋವೆಯಿಂದ ಬಂದವರ ಊರಾಳಿಕೆ ಇಲ್ಲಿನ ನೆಲಕ್ಕೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲವೆಂದು ತೋರುತ್ತದೆ.

ಗುರ್ಕಾರನ ಕೆಲಸಗಳ ಪಟ್ಟಿ ಮಾಡುವುದಕ್ಕಿಂತ ಅವನಿಲ್ಲದೆ ನಡೆಯದ ಕೆಲಸಗಳನ್ನು ಗಮನಿಸುವುದು ಲೇಸು. ಮದುವೆ ನಿಶ್ಚಯವಾದರೆ ಮೊದಲು ಅವನಿಗೆ ತಿಳಿಸಬೇಕಾಗಿತ್ತು. ಮದುವೆಯ ಮುನ್ನಾ ದಿನ ವಧುವರರಿಗೆ ತೆಂಗಿನ ಹಾಲೆರೆಯುವ ರೋಸ್ ಶಾಸ್ತ್ರದಲ್ಲಿ ವಾಡೊದ ಪರವಾಗಿ ಅವನೇ ನಿಲ್ಲಬೇಕಾಗಿತ್ತು. ಸಾವಾದ ಮನೆಯಲ್ಲಿ ಶವಸಂಸ್ಕಾರದ ಏರ್ಪಾಡನ್ನು ಅವನೇ ನೋಡಬೇಕಾಗಿತ್ತು. ಗದ್ದೆಯ ಬೇಲಿಯ ಜಗಳವಾಗಲಿ ಅಣ್ಣತಮ್ಮಂದಿರ ಪಾಲಿನ ತಕರಾರಾಗಲಿ ಪಾದ್ರಿಯ ಮುಂದೆ ಹೋಗುವ ಮೊದಲು ಅವನ ಜಗಲಿಯಲ್ಲಿ ಇತ್ಯರ್ಥವಾಗಬೇಕಾಗಿತ್ತು. ಚರ್ಚಿನ ವಂತಿಗೆ ಎತ್ತುವುದು, ಕುಂದಾಪುರ ಕಡೆಯಲ್ಲಿ ತೆರಾಲಿ ಎಂದು ಕರೆಯುವ ವಾರ್ಷಿಕ ಹಬ್ಬಕ್ಕೆ ಆಳು ಕೂಡಿಸುವುದು, ಪಾದ್ರಿಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವುದು ಇವೆಲ್ಲ ಅವನ ಪಾಲಿಗೇ ಬರುತ್ತಿದ್ದವು. ಇಷ್ಟಕ್ಕೂ ಅವನಿಗೆ ದೊರೆಯುತ್ತಿದ್ದದ್ದು ಮರ್ಯಾದೆ ಮಾತ್ರ. ನೇಮಿಸುವ ಅಧಿಕಾರ ಪಾದ್ರಿಯದಾಗಿದ್ದರೂ ವ್ಯವಹಾರದಲ್ಲಿ ಸ್ಥಾನ ಬಹುಮಟ್ಟಿಗೆ ಅದೇ ಮನೆತನದಲ್ಲಿ ಮುಂದುವರಿಯುತ್ತಿದ್ದುದರಿಂದ, ಬದುಕಿರುವಾಗಲೇ ಗುರ್ಕಾರಿಕೆ ಬಿಟ್ಟುಕೊಡುವುದೆಂದರೆ ಮನೆತನದ ಗೌರವವನ್ನೇ ಇಳಿಸಿದಂತೆ ಎಂಬ ಭಾವನೆ ಬಲವಾಗಿತ್ತು. ಈ ಕಟ್ಟು ಸಭೆಗೆ ಒಂದು ರಕ್ಷಣೆಯೂ ಆಗಿತ್ತು, ಒಂದು ಭಾರವೂ ಆಗಿತ್ತು: ಪಾದ್ರಿ ಇಲ್ಲದ ಕಾಲದಲ್ಲಿ ಜನರನ್ನು ಹಿಡಿದಿಡುವ ಕೈ ಒಂದಿರುತ್ತಿತ್ತಾದರೂ, ಆ ಕೈ ದಣಿದಾಗ ಅದನ್ನು ಬಿಡಿಸಿಕೊಳ್ಳುವ ದಾರಿ ಇರಲಿಲ್ಲ.

ಸ್ವಇಚ್ಛೆಯಿಂದ ಅಧಿಕಾರ ಇಳಿಸಿದವರಲ್ಲಿ ಈ ತೀರಕ್ಕೆ ಪರಿಚಿತವಾದ ಮೊದಲ ಹೆಸರು ಧರ್ಮಗುರುವೊಬ್ಬರದು. 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಅವರನ್ನು ಗೋವೆಯ ಮಹಾಧರ್ಮಪ್ರಾಂತವು 1681ರಲ್ಲಿ ಕೆನರಾ ಸೀಮೆಯ ಮೇಲ್ವಿಚಾರಕ ವಿಗಾರರನ್ನಾಗಿ ಕಳುಹಿಸಿದಾಗ, ಇಲ್ಲಿನ ಕ್ರೈಸ್ತರು ಎರಡು ಅಧಿಕಾರಗಳ ನಡುವೆ ಸಿಲುಕಿದ್ದರು. ಪೂರ್ವದೇಶಗಳ ಚರ್ಚುಗಳನ್ನು ಪೋಷಿಸಿ ಪಾದ್ರಿಗಳನ್ನು ನೇಮಿಸುವ ಹಕ್ಕನ್ನು ಪೋಪರು ಹಿಂದೆ ಪೋರ್ಚುಗಲ್ ದೊರೆಗೆ ಕೊಟ್ಟಿದ್ದರು. ಅದಕ್ಕೆ ಪಾದ್ರೊವಾದೊ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಧರ್ಮಪ್ರಸಾರ ಮಂಡಳಿ, ಅಂದರೆ ಪ್ರೊಪಗಾಂಡ, ನೇರವಾಗಿ ತನ್ನ ಬಿಷಪರನ್ನು ಕಳುಹಿಸತೊಡಗಿದಾಗ ಎರಡಕ್ಕೂ ತಿಕ್ಕಾಟ ಹುಟ್ಟಿತು. ಪ್ರೊಪಗಾಂಡದ ಪರವಾಗಿ ಬಂದಿದ್ದ ಬಿಷಪ್ ಥಾಮಸ್ ದೆ ಕಾಸ್ತ್ರೊ ಅವರಿಗೂ ಗೋವೆಗೂ ನಡುವಿನ ಆ ಜಗಳದಲ್ಲಿ ವಾಜ್ ಅವರು ಜನರ ಧರ್ಮಕಾರ್ಯ ನಿಲ್ಲದಂತೆ ಸಂಧಾನದ ಮಾರ್ಗ ಹಿಡಿದು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರಗಳ ಸಭೆಗಳನ್ನು ಸಂದರ್ಶಿಸುತ್ತ, ಶಾಲೆಗಳನ್ನೂ ಭ್ರಾತೃಸಂಘಗಳನ್ನೂ ಏರ್ಪಡಿಸಿದರು. ಭ್ರಾತೃಸಂಘವೆಂದರೆ ಪರಮಪ್ರಸಾದದ ಭಕ್ತಿಗಾಗಿಯೋ ಸತ್ತವರ ಸಂಸ್ಕಾರಕ್ಕಾಗಿಯೋ ಸಾಮಾನ್ಯ ಭಕ್ತರು ಸೇರಿ ನಡೆಸುವ ಕೂಟ. ಹಬ್ಬಕ್ಕೆ ಮುಂಚಿನ ಭಾನುವಾರವನ್ನು ಇಂದಿಗೂ ಕೊಂಫ್ರಿ ಎಂದು ಕರೆಯುವ ರೂಢಿಯಲ್ಲಿ ಆ ಸಂಘಗಳ ಹೆಸರು ಉಳಿದಿದೆ. 1684ರಲ್ಲಿ ವಾಜ್ ಅವರು ಗೋವೆಗೆ ಹಿಂದಿರುಗಿ, 1685ರಲ್ಲಿ ಒರಟೋರಿಯನ್ ಎಂಬ ಗೋವೆಯ ದೇಶೀಯ ಪಾದ್ರಿಗಳ ಸಮೂಹವನ್ನು ಸೇರಿ ಅದರ ಮುಖ್ಯಸ್ಥರಾಗಿ ಆಯ್ಕೆಯಾದರು. ಮರುವರ್ಷವೇ ಆ ಮುಖ್ಯಸ್ಥಿಕೆಗೆ ರಾಜೀನಾಮೆ ಕೊಟ್ಟು, ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದ ಸಿಲೋನಿಗೆ ಹೊರಟ ಅವರು 1687ರಲ್ಲಿ ಮಾರುವೇಷದಲ್ಲಿ ಆ ದ್ವೀಪವನ್ನು ಸೇರಿದರು. ಸಿಲೋನಿನಲ್ಲಿ ಬಿಷಪ್ ಪದವಿಯ ಪ್ರಸ್ತಾಪ ಬಂದಾಗಲೂ ಅವರು ಅದನ್ನು ಒಪ್ಪಲಿಲ್ಲ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದಾಗ ಕುಂದಾಪುರ ಸೀಮೆ ಅದನ್ನು ತನ್ನ ಮನೆಯ ಸಂಭ್ರಮವೆಂದೇ ಭಾವಿಸಿತು. ವಾಜ್ ಅವರು ಬಿಟ್ಟುಹೋದ ಭ್ರಾತೃಸಂಘಗಳಿಗೆ ತಮ್ಮದೇ ಪದಾಧಿಕಾರಿಗಳೂ ಲೆಕ್ಕಪತ್ರಗಳೂ ಇದ್ದವೆಂಬುದು ಅವರ ಪವಾಡಗಳ ಕಥೆಗಳಷ್ಟು ಪ್ರಸಿದ್ಧವಲ್ಲವಾದರೂ, ಸಭೆಯ ಬಾಳಿಕೆಯ ದೃಷ್ಟಿಯಿಂದ ಅವಕ್ಕಿಂತ ಮುಖ್ಯವಾದದ್ದು.

ಆ ಬಾಳಿಕೆಗೆ ಕಠಿಣವಾದ ಪರೀಕ್ಷೆ ಒದಗಿದ್ದು ನೂರು ವರ್ಷಗಳ ಬಳಿಕ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಿ, ಪಾದ್ರಿಗಳನ್ನು ಸೀಮೆಯಿಂದ ಹೊರಗಟ್ಟಿ, ಚರ್ಚುಗಳನ್ನು ಕೆಡವಿಸಿದ ಬಳಿಕ, 1799ರವರೆಗೆ ಹದಿನೈದು ವರ್ಷ ಈ ಸಮುದಾಯಕ್ಕೆ ಪಾದ್ರಿಗಳ ಆಸರೆ ತಪ್ಪಿತು. ಆಗ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟವರೂ, ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದವರೂ ಸಾಮಾನ್ಯ ಗೃಹಸ್ಥರೇ. ಸೆರೆಯಿಂದ ಮರಳಿದವರು ಹಾಳುಬಿದ್ದ ಜಾಗಗಳಲ್ಲಿ ಮತ್ತೆ ಚರ್ಚು ಎತ್ತಲು ಹೊರಟಾಗ ವಾಡೊ ಮತ್ತು ಗುರ್ಕಾರಿಕೆಯ ಚೌಕಟ್ಟು ಅವರ ಕೈಗೆ ಸಿದ್ಧವಾಗಿ ಸಿಕ್ಕಿತು. ಹೊತ್ತವರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಸತ್ತರೂ ಸ್ಥಾನ ಸಾಯಲಿಲ್ಲ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ತೀರದಲ್ಲಿ ಸಭೆಗಳು ಒಂದೊಂದಾಗಿ ಪುನಃ ತಲೆಯೆತ್ತಿದ್ದೇ ಸಾಕ್ಷಿ.

ಬ್ರಹ್ಮಾವರದ ಅನುಭವ ಇದಕ್ಕಿಂತ ಬೇರೆ. ಅದು ಮನಸ್ಸನ್ನು ಹೆಚ್ಚು ಕಾಡುವಂಥದ್ದು. ಪಾದ್ರೊವಾದೊ ಮತ್ತು ಪ್ರೊಪಗಾಂಡಗಳ ಹಳೆಯ ತಿಕ್ಕಾಟವನ್ನು ಕೊನೆಗಾಣಿಸಲು ರೋಮ್ ಮತ್ತು ಪೋರ್ಚುಗಲ್ ನಡುವೆ 1886ರಲ್ಲಿ ಒಪ್ಪಂದವಾಗಿ, ಅದೇ ವರ್ಷ ಮಂಗಳೂರು ಧರ್ಮಪ್ರಾಂತ ಸ್ಥಾಪನೆಯಾದಾಗ, ಗೋವೆಯ ಅಧೀನದಲ್ಲೇ ಇರಬಯಸಿದ ಕುಟುಂಬಗಳಿಗೆ ಅದು ತಮ್ಮನ್ನು ಕೇಳದೆ ತಮ್ಮನ್ನೇ ಹಸ್ತಾಂತರಿಸಿದಂತೆ ಕಂಡಿತು. ಬ್ರಹ್ಮಾವರ ಸುತ್ತಲಿನ ಅಂಥ ಕುಟುಂಬಗಳು ಗೋವೆಯ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಷವಿಯೆರ್ ಅಲ್ವಾರಿಸ್ ಅವರ ಹಿಂದೆ ನಿಂತವು. ಪತ್ರಿಕೆಗಳ ಮೂಲಕ ಪೋರ್ಚುಗೀಸ್ ಆಡಳಿತವನ್ನು ಖಂಡಿಸುತ್ತ, ಪಣಜಿಯಲ್ಲಿ ಬಡವರ ಮತ್ತು ರೋಗಿಗಳ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದ ಅಲ್ವಾರಿಸ್ ಅವರು ರೋಮಿನ ಸಂಬಂಧ ಕಡಿದುಕೊಂಡು, 1889ರ ಜುಲೈನಲ್ಲಿ ಕೊಟ್ಟಾಯಂನಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯ ಬಿಷಪರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಅಭಿಷಿಕ್ತರಾದರು. ಹೀಗೆ ಲ್ಯಾಟಿನ್ ಪರಂಪರೆಯಲ್ಲಿ ಬೆಳೆದ ಕೊಂಕಣಿ ಕ್ರೈಸ್ತರ ಒಂದು ಗುಂಪು ಅಂತಿಯೋಕ್ಯದ ಸಿರಿಯನ್ ಪರಂಪರೆಗೆ ಸೇರಿತು.

ಅಲ್ವಾರಿಸ್ ಅವರ ವಾಸ ಗೋವೆಯಲ್ಲಿ. ಬ್ರಹ್ಮಾವರದ ಹೊರೆಯೆಲ್ಲ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಅವರ ಮೇಲೆ. ಸಭೆಯನ್ನು ಕಟ್ಟುವುದರ ಜೊತೆಗೆ ಶಾಲೆಯನ್ನೂ ನಡೆಸಿ, ಜಾತಿಮತ ನೋಡದೆ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ಅವರ ಕೆಲಸದ ಗುರುತು ಸೈಂಟ್ ಮೇರಿಸ್ ಸಿರಿಯನ್ ಎಂಬುದರ ಮೊದಲಕ್ಷರಗಳಾದ ಎಸ್.ಎಂ.ಎಸ್. ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಇಂದಿಗೂ ಕಾಣುತ್ತದೆ. ಆದರೆ ಇಬ್ಬರೂ ಕೊನೆಯ ಉಸಿರಿನವರೆಗೆ ಹೊಣೆ ಹೊತ್ತೇ ಇದ್ದರು. 1923ರಲ್ಲಿ ಮಾರ್ ಜೂಲಿಯಸ್ ತೀರಿಕೊಂಡಾಗ ಅವರ ಪೀಠಕ್ಕೆ ಉತ್ತರಾಧಿಕಾರಿ ಬರಲಿಲ್ಲ. 1936ರಲ್ಲಿ ನೊರೊನ್ಹಾ ತೀರಿಕೊಂಡಾಗ ಸಮುದಾಯ ಅಕ್ಷರಶಃ ಅನಾಥವಾಯಿತು. ಬ್ರಹ್ಮಾವರವನ್ನು ಕೇಂದ್ರವಾಗಿಟ್ಟುಕೊಂಡು ಮಲಂಕರ ಸಭೆ ಪ್ರತ್ಯೇಕ ಧರ್ಮಪ್ರಾಂತವನ್ನು ರಚಿಸಿದ್ದು 2010ರಲ್ಲಿ, ಅಂದರೆ ಮೊದಲ ಬಿಷಪರ ಮರಣದ 87 ವರ್ಷಗಳ ನಂತರ. ಈ ದೀರ್ಘ ನಡುಗಾಲದಲ್ಲಿ ಕೇರಳದಿಂದ ಬಂದ ಭಾಷೆ ಬಾರದ ಪಾದ್ರಿಗಳಿಗೂ ಕೊಂಕಣಿ ಭಕ್ತರಿಗೂ ನಡುವೆ ಸೇತುವಾಗಿ, ಚರ್ಚಿನ ಆಸ್ತಿಯನ್ನು ಕಾಪಾಡಿದವರು ಸ್ಥಳೀಯ ಕುಟುಂಬಗಳ ಹಿರಿಯರು. ಅಲ್ವಾರಿಸ್ ಮತ್ತು ನೊರೊನ್ಹಾ ಅವರ ತ್ಯಾಗವನ್ನು ಕಿಂಚಿತ್ತೂ ಕಡಿಮೆ ಮಾಡದೆಯೇ ಹೇಳಬೇಕಾದ ಮಾತೆಂದರೆ, ಇಬ್ಬರ ಬಡತನ ಮತ್ತು ಸುತ್ತಲಿನ ಹಗೆತನಗಳು ಉತ್ತರಾಧಿಕಾರಿಯನ್ನು ಬೆಳೆಸುವ ಬಿಡುವನ್ನೇ ಅವರಿಗೆ ಕೊಡಲಿಲ್ಲ. ಪ್ರವರ್ತಕನ ನಿಷ್ಠೆ ಎಷ್ಟೇ ದೊಡ್ಡದಾದರೂ ಹಸ್ತಾಂತರದ ಏರ್ಪಾಡಿಗೆ ಅದು ಬದಲಿಯಾಗಲಾರದೆಂಬುದಕ್ಕೆ ಕರಾವಳಿಯಲ್ಲಿ ಇದಕ್ಕಿಂತ ನೋವಿನ ನಿದರ್ಶನ ಸಿಗುವುದು ಕಷ್ಟ.

ಪ್ರೊಟೆಸ್ಟಂಟ್ ಸಭೆಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1854ರಲ್ಲಿ ಉಡುಪಿಯನ್ನು ಕೇಂದ್ರವಾಗಿ ಮಾಡಿಕೊಂಡು ಉತ್ತರದ ಕಡೆಗೆ ಹರಡಿತು. ಅದರ ಸಭೆಗಳಲ್ಲಿ ಮಿಷನರಿ ಮತ್ತು ಉಪದೇಶಿಯ ಜೊತೆಗೆ ಸಭಿಕರಿಂದ ಆರಿಸಲಾದ ಹಿರಿಯರು, ಅಂದರೆ ಪ್ರೆಸ್ಬಿಟರರು, ಶಿಸ್ತನ್ನೂ ಬಡವರ ನಿಧಿಯನ್ನೂ ನೋಡಿಕೊಳ್ಳುತ್ತಿದ್ದರು. ಮಿಷನರಿಗಳು ಹಿಂದೆ ಸರಿದದ್ದು ಸ್ವಂತ ತೀರ್ಮಾನದಿಂದಲ್ಲ: 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಪ್ರಜೆಗಳನ್ನು ಬಂಧನದಲ್ಲಿರಿಸಿತು, ಮಿಷನ್ನಿನ ಹೆಂಚಿನ ಕಾರ್ಖಾನೆ ಮತ್ತು ನೇಯ್ಗೆ ಶಾಲೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಸಂಬಳ ಕೊಡುವವರೂ ಮೇಲಧಿಕಾರಿಗಳೂ ಒಮ್ಮೆಗೇ ಇಲ್ಲವಾದಾಗ ಭಾನುವಾರದ ಆರಾಧನೆ ನಿಲ್ಲದಂತೆ ನೋಡಿಕೊಂಡವರು ದೇಶೀಯ ಸಭಾಪಾಲಕರೂ ಆ ಹಿರಿಯರೂ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ರೂಪುಗೊಂಡು ಮುಂದೆ 1970ರಲ್ಲಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕ ದಕ್ಷಿಣ ಧರ್ಮಪ್ರಾಂತ ಸ್ಥಾಪನೆಯಾದಾಗ, ಚುನಾಯಿತ ಸಮಿತಿ ಮತ್ತು ಅವಧಿಯ ಕಲ್ಪನೆಗಳು ಅಲ್ಲಿ ಹೊಸದಾಗಿರಲಿಲ್ಲ.

ಕಥೋಲಿಕ ಸಭೆಗಳಲ್ಲಿ ಅವಧಿಯ ಕಲ್ಪನೆ ಬಂದ ದಾರಿ ಸ್ವಾರಸ್ಯಕರವಾಗಿದೆ. ಅದು ಬಂದದ್ದು ಮೇಲಿನ ಶಾಸನದಿಂದಲ್ಲ, ಸೇವಾ ಸಂಘಗಳ ಮೂಲಕ. ಬಡವರ ಮನೆಗಳಿಗೆ ಹೋಗಿ ನೆರವು ನೀಡುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭಾ 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಒಜಾನಾಂ ಮತ್ತು ಅವರ ಜೊತೆಗಾರ ವಿದ್ಯಾರ್ಥಿಗಳಿಂದ ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದ ಇಮ್ಮಾನ್ಯುಯೆಲ್ ಬಾಯಿ ಅವರು 1844ರಲ್ಲಿ ತಾವಾಗಿ ಸ್ಥಾನ ಬಿಟ್ಟಾಗ ಸಂಘ ಕುಸಿಯಲಿಲ್ಲ. ಜೂಲ್ ಗೊಸಾಂ ಅವರ ಕೈಯಲ್ಲಿ ಅದು ಮುಂದುವರಿಯಿತು. 1921ರಲ್ಲಿ ಡಬ್ಲಿನ್ನಿನಲ್ಲಿ ಫ್ರ್ಯಾಂಕ್ ಡಫ್ ಆರಂಭಿಸಿದ ಲೀಜನ್ ಆಫ್ ಮೇರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದಾಧಿಕಾರಿಯ ಅವಧಿ ಮೂರು ವರ್ಷ, ಮುಂದುವರಿಸಿದರೆ ಇನ್ನೂ ಮೂರು ವರ್ಷ, ಅದಕ್ಕಿಂತ ಹೆಚ್ಚಿಗೆ ಸತತವಾಗಿ ಇರುವಂತಿಲ್ಲ ಎಂದು ತನ್ನ ಕೈಪಿಡಿಯಲ್ಲೇ ಬರೆದಿಟ್ಟಿತು. ಈ ಸಂಘಗಳ ಘಟಕಗಳು ಕರಾವಳಿಯ ಚರ್ಚುಗಳಲ್ಲಿ ಬೇರೂರಿದಂತೆ, ಜೀವನಪರ್ಯಂತದ ಗುರ್ಕಾರಿಕೆಯನ್ನು ಕಂಡು ಬೆಳೆದಿದ್ದ ಜನ ಮೊತ್ತಮೊದಲಿಗೆ ಮಾಜಿ ಅಧ್ಯಕ್ಷನೊಬ್ಬ ಹಿಂದಿನ ಬೆಂಚಿನಲ್ಲಿ ಸಾಮಾನ್ಯ ಸದಸ್ಯನಾಗಿ ಕುಳಿತು ಕೆಲಸ ಮುಂದುವರಿಸುವುದನ್ನು ಕಂಡರು. ಮರ್ಯಾದೆ ಸ್ಥಾನಕ್ಕೆ ಅಂಟಿಕೊಂಡಿಲ್ಲವೆಂಬುದನ್ನು ಉಪದೇಶಕ್ಕಿಂತ ಚೆನ್ನಾಗಿ ಕಲಿಸಿದ್ದು ಈ ನೋಟವೇ ಇರಬೇಕು.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಸಾಮಾನ್ಯ ಭಕ್ತರ ಪಾಲುದಾರಿಕೆಯನ್ನು ಎತ್ತಿಹಿಡಿದ ನಂತರ ಪ್ರತಿ ಚರ್ಚಿನಲ್ಲಿ ಪಾಲನಾ ಮಂಡಳಿ ಬಂದಿತು. 1983ರ ಧರ್ಮಸಭಾ ಸಂಹಿತೆಯ 536ನೆಯ ನಿಯಮ ಈ ಮಂಡಳಿಗೆ ಸಲಹಾ ಅಧಿಕಾರವನ್ನೂ, 537ನೆಯ ನಿಯಮ ಹಣಕಾಸು ಸಮಿತಿಯನ್ನೂ ವಿಧಿಸಿದವು. ಮಂಡಳಿಗೆ ಧರ್ಮಗುರುಗಳೇ ಅಧ್ಯಕ್ಷರು. ಉಪಾಧ್ಯಕ್ಷ, ಕಾರ್ಯದರ್ಶಿ ಮತ್ತು ಆಯೋಗಗಳ ಸಂಯೋಜಕರು ಭಕ್ತರಿಂದ ನಿಗದಿತ ಅವಧಿಗೆ ಆಯ್ಕೆಯಾಗುವವರು. ಗುರ್ಕಾರರೂ ವಾಡೊದ ಸಭೆಯಲ್ಲಿ ಆಯ್ಕೆಯಾಗತೊಡಗಿದರು. ಹಿಂದೆ ಊಹಿಸಲೂ ಆಗದಿದ್ದಂತೆ ಮಹಿಳೆಯರೂ ಆ ಸ್ಥಾನಕ್ಕೆ ಬಂದರು. ಮನೆತನದ ಸ್ವತ್ತಾಗಿ ಉಳಿದಿದ್ದರೆ ಆ ಬಾಗಿಲು ಅವರಿಗೆ ಎಂದೂ ತೆರೆಯುತ್ತಿರಲಿಲ್ಲ. ಒಬ್ಬರು ಇಳಿಯಲೇಬೇಕೆಂಬ ನಿಯಮವೇ ಇನ್ನೊಬ್ಬರು ಏರಲು ಮೆಟ್ಟಿಲಾಯಿತು.

ಅವಧಿ ಮುಗಿಯುವ ಮೊದಲೇ ಇಳಿಯಬಯಸುವವರ ಪಾಡನ್ನೂ ಅದೇ ಸಂಹಿತೆ ಗಮನಿಸಿದೆ. ಸಭೆಯ ಅಧಿಕೃತ ಪದವಿಗಳಿಗೆ ಅನ್ವಯಿಸುವ 187ರಿಂದ 189ರವರೆಗಿನ ನಿಯಮಗಳ ಪ್ರಕಾರ, ಸ್ವಸ್ಥಬುದ್ಧಿಯುಳ್ಳ ಯಾರೇ ಆದರೂ ನ್ಯಾಯವಾದ ಕಾರಣವಿದ್ದರೆ ರಾಜೀನಾಮೆ ಕೊಡಬಹುದು. ಅನ್ಯಾಯವಾಗಿ ಒಡ್ಡಿದ ಗಂಭೀರ ಭಯದಿಂದಲೋ ವಂಚನೆಯಿಂದಲೋ ಪಡೆದ ರಾಜೀನಾಮೆ ಸಿಂಧುವಲ್ಲ. ಅದನ್ನು ಬರಹದಲ್ಲಿ ಅಥವಾ ಇಬ್ಬರು ಸಾಕ್ಷಿಗಳ ಎದುರು ಕೊಡಬೇಕು. ಅಂಗೀಕಾರ ಬೇಕಾದ ರಾಜೀನಾಮೆಯನ್ನು ಮೂರು ತಿಂಗಳೊಳಗೆ ಅಂಗೀಕರಿಸದಿದ್ದರೆ ಅದು ಬಿದ್ದುಹೋಗುತ್ತದೆ. ಜಾರಿಗೆ ಬರುವ ಮೊದಲು ಅದನ್ನು ಹಿಂದೆ ಪಡೆಯಲೂಬಹುದು. ವಾಡೊ ಮಟ್ಟದ ಸೇವೆಗೆ ಈ ನಿಯಮಗಳನ್ನು ಅಕ್ಷರಶಃ ಹಚ್ಚುವ ಅಗತ್ಯವಿಲ್ಲದಿದ್ದರೂ, ಹಿಂದೆ ಸರಿಯುವವನನ್ನು ಒತ್ತಡದಿಂದ ರಕ್ಷಿಸುವ ಮತ್ತು ಅವನ ಮಾತಿಗೆ ದಾಖಲೆಯ ಬೆಲೆ ಕೊಡುವ ಅವುಗಳ ಕಾಳಜಿ ಸಣ್ಣ ಸಂಘಕ್ಕೂ ಸಲ್ಲುವಂಥದ್ದು.

ಬೈಂದೂರು ತಾಲ್ಲೂಕಿನ ಒಳನಾಡಿನಲ್ಲಿ ಇನ್ನೊಂದು ಪರಂಪರೆ ಬಂದು ಸೇರಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರ ಕೇರಳದಿಂದ ಬಂದು ಜಡ್ಕಲ್, ಮುದೂರು ಕಡೆಯ ಘಟ್ಟದ ತಪ್ಪಲಿನಲ್ಲಿ ರಬ್ಬರ್ ಮತ್ತು ಕಾಳುಮೆಣಸು ಬೆಳೆಸಿದ ಸಿರಿಯನ್ ಕ್ರೈಸ್ತರು ತಮ್ಮೊಡನೆ ಪಳ್ಳಿಯೋಗಂ ಎಂಬ ಪದ್ಧತಿಯನ್ನು ತಂದರು. ಚರ್ಚಿಗೆ ಸೇರಿದ ಕುಟುಂಬಗಳ ಈ ಸಭೆ ಕೈಕ್ಕಾರನ್ ಎಂಬ ವಿಶ್ವಸ್ತರನ್ನು ಆರಿಸುತ್ತದೆ. ಹಣ, ಆಸ್ತಿ ಮತ್ತು ಕಟ್ಟಡದ ಕೆಲಸ ನೋಡುವ ಕೈಕ್ಕಾರರು ಅವಧಿ ಮುಗಿದಾಗ ಸಭೆಯ ಮುಂದೆ ಲೆಕ್ಕ ಒಪ್ಪಿಸಿ ಸರದಿಯನ್ನು ಇನ್ನೊಬ್ಬರಿಗೆ ಬಿಡುತ್ತಾರೆ. ಈ ಸಿರೋ ಮಲಬಾರ್ ಸಭೆಗಳು 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತಕ್ಕೆ ಸೇರಿದವು. ಗುರ್ಕಾರಿಕೆಯ ಮೂಲ ಮರ್ಯಾದೆಯಾಗಿದ್ದರೆ ಕೈಕ್ಕಾರಿಕೆಯ ಮೂಲ ಲೆಕ್ಕ. ಲೆಕ್ಕ ಒಪ್ಪಿಸಿ ಬಿಡುಗಡೆ ಪಡೆಯುವ ಮನುಷ್ಯನಿಗೆ ಹೊಣೆ ಇಳಿಸುವುದು ಅವಮಾನವೆನಿಸದಿರುವುದು ಸಹಜ.

ಕರಾವಳಿಯ ಅಂಚಿನ ಊರುಗಳಲ್ಲಿ ಈಚಿನ ದಶಕಗಳ ನಿವೃತ್ತಿಗಳಿಗೆ ವಲಸೆಯೂ ದೊಡ್ಡ ಕಾರಣ. ಮುಂಬಯಿಗೂ, 1970ರ ದಶಕದ ನಂತರ ಕೊಲ್ಲಿ ದೇಶಗಳಿಗೂ ದುಡಿಯುವ ವಯಸ್ಸಿನವರು ಹೋದಂತೆ, ತ್ರಾಸಿ, ತಲ್ಲೂರು, ಗಂಗೊಳ್ಳಿಯಂಥ ಕಡೆಗಳಲ್ಲಿ ವಾಡೊದ ಹೊಣೆ ಹಿರಿಯರಿಗೂ ಮಹಿಳೆಯರಿಗೂ ಉಳಿಯಿತು. ನಡುವಯಸ್ಸಿನವನೊಬ್ಬ ಕಾರ್ಯದರ್ಶಿ ಸ್ಥಾನ ಬಿಡುವುದಕ್ಕೆ ವೀಸಾ ಬಂದದ್ದೇ ಸಾಕಾದ ಕಾರಣವಾಯಿತು. ಹೊಣೆ ಹೊರಬಲ್ಲವರು ಕಡಿಮೆಯಾದಾಗ ಅವಧಿಯ ನಿಯಮಕ್ಕೆ ಕಷ್ಟ ಒದಗುವುದೂ ನಿಜ, ಏಕೆಂದರೆ ಇಳಿಯುವವರಿದ್ದರೂ ಏರುವವರು ಬೇಕಲ್ಲ.

2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ ಸ್ಥಾಪನೆಯಾಗಿ ಬಿಷಪ್ ಜೆರಾಲ್ಡ್ ಐಸಾಕ್ ಲೋಬೊ ಅದರ ಮೊದಲ ಧರ್ಮಾಧ್ಯಕ್ಷರಾದಾಗ ಕುಂದಾಪುರ ಅದರ ಐದು ವಲಯಗಳಲ್ಲಿ ಒಂದಾಯಿತು. ಮರುವರ್ಷ, 2013ರ ಫೆಬ್ರವರಿ 28ರಂದು, ಪೋಪ್ ಬೆನೆಡಿಕ್ಟ್ ಅವರೇ ಪೀಠದಿಂದ ಇಳಿದರು. 1415ರಲ್ಲಿ ಹನ್ನೆರಡನೆಯ ಗ್ರೆಗರಿ ಇಳಿದ ನಂತರ ಅಂಥದ್ದು ನಡೆದಿರಲಿಲ್ಲ. 2021ರ ಜೂನ್ 11ರಂದು ವ್ಯಾಟಿಕನ್ನಿನ ಜನಸಾಮಾನ್ಯರ ವಿಭಾಗ ಹೊರಡಿಸಿದ ಆಜ್ಞೆ, ಅಂತಾರಾಷ್ಟ್ರೀಯ ಭಕ್ತಸಂಘಗಳ ಕೇಂದ್ರ ಪದಾಧಿಕಾರಿಗಳಿಗೆ ಒಂದು ಅವಧಿಗೆ ಐದು ವರ್ಷ, ಸತತವಾಗಿ ಒಟ್ಟು ಹತ್ತು ವರ್ಷ ಎಂಬ ಮಿತಿ 2021ರ ಸೆಪ್ಟೆಂಬರಿನಿಂದ ಜಾರಿಗೆ ಬರುವಂತೆ ಹಾಕಿತು. ಸಂಸ್ಥಾಪಕರಿಗೆ ವಿನಾಯಿತಿ ನೀಡಲು ಅದರಲ್ಲಿ ಅವಕಾಶವಿದೆ. ಬ್ರಹ್ಮಾವರದ ಇತಿಹಾಸ ಬಲ್ಲವರಿಗೆ ಆ ವಿನಾಯಿತಿಯ ಅಗತ್ಯವೂ ಅದರ ಅಪಾಯವೂ ಒಟ್ಟಿಗೆ ಹೊಳೆಯುತ್ತವೆ. ಸ್ಥಳೀಯ ಚರ್ಚುಗಳಿಗೆ ಈ ಆಜ್ಞೆ ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿನ ಹಸ್ತಾಂತರಗಳ ನಿಜವಾದ ದಾಖಲೆ ಪಾಲನಾ ಮಂಡಳಿಗಳ ನಿರ್ಣಯ ಪುಸ್ತಕಗಳಲ್ಲಿ, ಸಂಘಗಳ ಜಮಾಖರ್ಚಿನ ಪುಸ್ತಕಗಳಲ್ಲಿ, ಪಳ್ಳಿಯೋಗದ ನಡವಳಿಗಳಲ್ಲಿ ಇರುವಂಥದ್ದು. ಕರಾವಳಿಯ ಮಳೆಗೂ ಗೆದ್ದಲಿಗೂ ಅವು ಬಲಿಯಾಗುವ ಮೊದಲು ಉಡುಪಿ, ಬ್ರಹ್ಮಾವರ, ಬೆಳ್ತಂಗಡಿ ಮತ್ತು ಕರ್ನಾಟಕ ದಕ್ಷಿಣ ಎಂಬ ನಾಲ್ಕೂ ಧರ್ಮಪ್ರಾಂತಗಳು ಅವನ್ನು ಒಂದೆಡೆ ಕಲೆಹಾಕಿ ಛಾಯಾಪ್ರತಿ ಮಾಡಿಸಿದರೆ, ಯಾರು ಯಾವಾಗ ಬಂದರೆಂಬುದರ ಜೊತೆಗೆ ಯಾರು ಯಾವ ಲೆಕ್ಕ ಒಪ್ಪಿಸಿ ಸ್ಥಾನ ಬಿಟ್ಟರೆಂಬುದನ್ನೂ ಮುಂದಿನ ಚರಿತ್ರೆಕಾರರು ಹೆಸರು ಹಿಡಿದು ಬರೆಯಬಹುದು.